ತಪ್ಪೊಪ್ಪಿಕೊಂಡ ಮುನಿಸ್ವಾಮಪ್ಪ

"ನಮ್ ಯಜಮಾನ್ರನ್ನ ಆಚೆಗೆ ಕಳಿಸ್ಬೇಡಿ ಮೇಡಂ. ಆಚೆ ಕಾಲಿಟ್ರೆ ಕುಡೀತಾರೆ. ಇನ್ನೊಂದು ಸಲ ಕುಡಿದ್ರೆ ಉಳಿಯಾಕಿಲ್ಲ ಅಂತ ಡಾಕ್ಟ್ರೇ ಏಳವ್ರೆ."

ಬಂಗಾರಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದ ಮುತ್ಯಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಹಳೆಯ ಲೈನುಮನೆಗಳ ಪಕ್ಕದ ಆ ಕುಡಿತ ಬಿಡಿಸುವ ಕೇಂದ್ರದಲ್ಲಿ ಹಿಂದಿನ ದಿನ ನಿದ್ರೆ ಮಾತ್ರೆಗಳು ಕಳುವಾಗಿದ್ದವು. ಕದ್ದವನು ತಾನೇ ಎಂದು ಅವಳ ಗಂಡ ಮುನಿಸ್ವಾಮಪ್ಪ ಒಪ್ಪಿಕೊಂಡಿದ್ದ. ಮಾತ್ರೆ ಕದ್ದವರು ಮನೆಯವರು ಬಂದೊಡನೆ ಗಂಟುಮೂಟೆ ಕಟ್ಟಬೇಕೆಂಬುದು ವ್ಯವಸ್ಥಾಪಕ ಶ್ರೀನಿವಾಸಪ್ಪನವರ ಕಟ್ಟಪ್ಪಣೆ.

ನರ್ಸ್ ಪುಷ್ಪ ಆಶಾರಾಣಿಯ ಮುಖ ನೋಡಿದಳು. ಆಶಾರಾಣಿ ಅಲ್ಲಿನ ಮನಶ್ಶಾಸ್ತ್ರಜ್ಞೆ. ಅಡುಗೆಮನೆಯ ಬೆಲ್ಲ ಮಾಯವಾದರೂ ಯಾರದೋ ಚಪ್ಪಲಿ ಅದಲುಬದಲಾದರೂ ಪತ್ತೆಗೆ ಎಲ್ಲರೂ ಹುಡುಕುತ್ತಿದ್ದುದು ಅವಳನ್ನೇ. ಜೊತೆಗೆ ಓಡಾಡುವುದು ಪುಷ್ಪಳ ಪಾಲು.

"ಮೊದಲಿಂದ ಹೇಳು ಪುಷ್ಪ."

"ನೆನ್ನೆ ಬೆಳಿಗ್ಗೆ ಮಾತ್ರೆ ಬಾಟ್ಲಿ ಒಡೆದೋಯ್ತು ಅಕ್ಕ. ಮಾತ್ರೆಗಳನ್ನ ಕೆಂಪು ಮುಚ್ಚಳದ ಡಬ್ಬಿಗೆ ತುಂಬಿ ಬೀರುಗೆ ಬೀಗ ಹಾಕ್ದೆ. ಯಾರಿಗೂ ಹೇಳ್ಲಿಲ್ಲ. ಊಟಕ್ಕೆ ಹೋಗುವಾಗ ಬೀಗದ ಕೈ ಕೋಟಿನ ಜೇಬಲ್ಲೇ ಉಳೀತು, ಕೋಟು ಗೋಡೆ ಮೊಳೇಲಿತ್ತು. ಬಂದು ನೋಡಿದ್ರೆ ಡಬ್ಬಿ ಇಲ್ಲ."

"ಮುನಿಸ್ವಾಮಪ್ಪ ಒಪ್ಪಿಕೊಂಡಿದ್ದು?"

"ಮಾತ್ರೆ ಯಾರು ತಗೊಂಡ್ರಿ ಅಂತ ವಾರ್ಡಲ್ಲಿ ಕೇಳ್ದೆ. ಪಕ್ಕದ ಮಂಚದ ವೇಣು ತಮಾಷೆಗೆ, 'ಏನ್ ಮಾವ, ಆ ಕೆಂಪು ಮುಚ್ಚಳದ ಡಬ್ಬಿ ನೀನೇ ಎತ್ಕೊಂಡ್ಯಲ್ಲ' ಅಂದ. ಅವರು, 'ಊ ಕಣ್ಲಾ, ನಾನೇ. ಬಂಗಾರಪೇಟೆ ಸಂತೇಲಿ ಮಾರ್ಬಿಟ್ಟೆ' ಅಂದ್ರು."

"ಗೇಟು ದಾಟದವನು ಸಂತೆಗೆ ಹೋದ್ನಂತೆ! ಬರೀ ನಾಟಕ," ಎಂದರು ಶ್ರೀನಿವಾಸಪ್ಪ. "ದಿನಾ ಹೇಳಿದ್ರೂ ಕುಡಿತ ಬಿಡಿಸೋ ಪಾಠದ ಹೊತ್ತಿಗೆ ಬರಲ್ಲ. ಕೇಳಿದ್ರೆ, ಯಾವ ಪಾಠ ಅಂತಾನೆ."

"ಸುಳ್ಳು ಏಳೋದ್ರಾಗೆ ಎತ್ತಿದ ಕೈ ಸಾ," ಮುತ್ಯಾಲಮ್ಮ ತಲೆತಗ್ಗಿಸಿದಳು. "ಇಲ್ಲೇ ಮಲಗಿದ್ದೋರು, ಮಗಳ ಮನೇಗೆ ಓಗಿ ಬಂದೆ ಅಂದ್ರು. ಚೆನ್ನಾಗಿ ಬೈದೆ."

ಆಶಾರಾಣಿ ತಟ್ಟನೆ ಎದ್ದಳು.

ಮುನಿಸ್ವಾಮಪ್ಪ ಮಂಚದ ಮೇಲೆ ನಗುತ್ತ ಕೂತಿದ್ದ. ಎಮ್ಮೆ, ರೈಲು, ಸೌತೆಕಾಯಿ ಎಂಬ ಮೂರು ಪದಗಳನ್ನು ಅವಳು ಅವನಿಂದ ಹೇಳಿಸಿದಳು. ತಪ್ಪಿಲ್ಲದೆ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಹಸು, ಹಾಲು, ಡೈರಿ ಎಂದು ಹರಟೆ ಹೊಡೆದು ಮತ್ತೆ ಕೇಳಿದಳು.

"ಆ ಮೂರು ಪದ?"

"ಯಾವ ಪದ ತಾಯಿ? ನೀವು ಈಗ್ತಾನೆ ಬಂದ್ರಲ್ಲ!"



ಸಂಜೆ ಎಲ್ಲರೂ ಪ್ರಾರ್ಥನೆಯ ಹಜಾರದಲ್ಲಿ ಸೇರಿದರು.

"ಮುನಿಸ್ವಾಮಪ್ಪನವರೇ, ನೆನ್ನೆ ಬೂದಿಕೋಟೇಲಿ ನಾವಿಬ್ರೂ ಊಟ ಮಾಡಿದ್ವಲ್ಲ, ಏನಿತ್ತು?" ಎಂದಳು ಆಶಾರಾಣಿ.

"ಮರೆಯಾಕಾಯ್ತದಾ? ಮುದ್ದೆ, ಅವರೆಕಾಳು ಸಾರು. ಎರಡನೇ ಮುದ್ದೆಗೂ ನೀವೇ ಕೈ ಚಾಚಿದ್ರಿ!"

ಹಜಾರದ ತುಂಬ ನಗು.

"ನಾನು ಬೂದಿಕೋಟೆ ನೋಡೇ ಇಲ್ಲ."

ನಗು ನಿಂತಿತು.

"ಇವರು ಸುಳ್ಳು ಹೇಳ್ತಿಲ್ಲ. ಕುಡಿತದಿಂದ, ಸರಿಯಾಗಿ ಊಟವಿಲ್ಲದೆ, ಹೊಸ ನೆನಪು ಇವರ ತಲೆಯಲ್ಲಿ ನಿಲ್ತಿಲ್ಲ. ಖಾಲಿ ಜಾಗಕ್ಕೆ ಯಾರು ಏನು ಕೊಟ್ಟರೂ ಮನಸ್ಸು ಅದನ್ನೇ ತುಂಬಿಕೊಳ್ಳುತ್ತೆ. ನಾನು ಊಟ ಕೊಟ್ಟೆ, ಊಟ ಮಾಡಿದೆ ಅಂದ್ರು. ಇನ್ನೊಬ್ಬರು ಕಳ್ಳತನ ಕೊಟ್ಟರು, ಅದನ್ನೂ ಒಪ್ಪಿಕೊಂಡ್ರು. ಪುಷ್ಪ ಕೇಳಿದ್ದು ಮಾತ್ರೆ ಅಂತ ಮಾತ್ರ. ಕೆಂಪು ಮುಚ್ಚಳ ಅವಳಿಗೊಬ್ಬಳಿಗೇ ಗೊತ್ತಿತ್ತು. ಇನ್ನು ಗೊತ್ತಿರೋದು ಬೀರು ತೆಗೆದವರಿಗೆ. ಅಲ್ವೇನೋ ವೇಣು?"

ವೇಣು ಎದ್ದುಹೋಗಿ ಹಾಸಿಗೆಯ ಅಡಿಯಿಂದ ಡಬ್ಬಿ ತಂದಿಟ್ಟ.

"ಕುಡಿಯೋದು ಬಿಟ್ಟಾಗಿಂದ ಕಣ್ಣು ಮುಚ್ಚಿಲ್ಲ ಮೇಡಂ. ಮಾವಂಗೆ ಇಂಗಾಯ್ತದೆ ಅಂತ ಯೋಚ್ನೆ ಮಾಡ್ಲಿಲ್ಲ."

ಶ್ರೀನಿವಾಸಪ್ಪ ಬಾಯಿ ತೆರೆಯುವಷ್ಟರಲ್ಲಿ ಆಶಾರಾಣಿ ಹೇಳಿದಳು: "ಇಬ್ಬರೂ ಇಲ್ಲೇ ಇರಲಿ ಸಾರ್. ಇವನ ನಿದ್ದೆ ವಿಚಾರಿಸಲಿಲ್ಲ, ಅವರ ನೆನಪು ಪರೀಕ್ಷೆ ಮಾಡಲಿಲ್ಲ. ನಾನೇ ಮಾಡಬೇಕಿತ್ತು. ಮಾತು ಚುರುಕಾಗಿದೆ ಅಂತ ಬಿಟ್ಟೆ. ಇನ್ಮೇಲೆ ಬಂದವರಿಗೆಲ್ಲ ಮೊದಲ ವಾರವೇ ಮಾಡೋಣ."

ಶ್ರೀನಿವಾಸಪ್ಪ ಕನ್ನಡಕ ತೆಗೆದು ಒರೆಸಿದರು. "ಆಗಲಮ್ಮ. ಪಾಠಕ್ಕೆ ಅವನನ್ನ ನಾನೇ ಕರ್ಕೊಂಡ್ ಬರ್ತೀನಿ."

"ವಾಸಿಯಾಯ್ತದಾ ಮೇಡಂ?" ಎಂದಳು ಮುತ್ಯಾಲಮ್ಮ.

"ಡಾಕ್ಟರು ವಿಟಮಿನ್ ಇಂಜೆಕ್ಷನ್ ಶುರು ಮಾಡ್ತಾರೆ. ಕುಡೀದೆ ಇದ್ರೆ ಅಷ್ಟೋ ಇಷ್ಟೋ ಸುಧಾರಿಸಬಹುದು. ಎಷ್ಟು ಅಂತ ಮಾತು ಕೊಡಲಾರೆ."

ಮುತ್ಯಾಲಮ್ಮ ಗಂಡನ ಪಕ್ಕ ಹೋಗಿ ಕುಳಿತಳು. ಅವನ ಮುಖ ಅರಳಿತು.

"ಯಾವಾಗ ಬಂದ್ಯೇ? ನಾನು ಈಗಿನ್ನೂ ಮಗಳ ಮನೇಗೆ ಓಗಿ ಬಂದೆ."

ಮುತ್ಯಾಲಮ್ಮ ಈ ಸಲ ಬೈಯಲಿಲ್ಲ. ಅವನ ಅಂಗಿಯ ಗುಂಡಿ ಸರಿಮಾಡುತ್ತ ಕೇಳಿದಳು:

"ಎಂಗವ್ಳೆ ಮಗು?"