ಮಾದರಿ ಮನೆಯ ಸ್ವಿಚ್ಚು

ಅಜ್ಜಿ ತೀರಿಕೊಂಡಿದ್ದರು. ಗೋಡೆಯ ಸ್ವಿಚ್ಚು ಆಫ್ ಆಗಿತ್ತು.

ನಾವು ಕೋಣೆಗೆ ಕಾಲಿಟ್ಟಾಗ ಕಂಡದ್ದು ಇಷ್ಟೇ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಯಂತ್ರ ನಿಂತಿತ್ತು. ಅದರ ಕೊಳವೆ ಇನ್ನೂ ಅಜ್ಜಿಯ ಮೂಗಿನಲ್ಲೇ ಇತ್ತು. ಪ್ಲಗ್ಗು ಸಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ಹೊದಿಕೆ ಕಾಲ ಬಳಿ ಮುದ್ದೆಯಾಗಿತ್ತು. ಒದ್ದಾಡಿದ್ದಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮೇಲೆ ಫ್ಯಾನು ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು.

"ಇಲ್ಲಿ ಏನನ್ನಾದ್ರೂ ಮುಟ್ಟಿದ್ದೀರಾ?" ಮೇಡಂ ಕೇಳಿದರು.

"ಏನೂ ಇಲ್ಲ. ನಾನು ಬಂದಾಗ ಹೇಗಿತ್ತೋ ಹಾಗೇ ಇದೆ," ಎಂದರು ಅಜ್ಜಿಯ ಮಗ.

ಮೇಡಂ ನಮ್ಮ ಇನ್‌ಸ್ಪೆಕ್ಟರ್. ನಾನು ಅವರ ಹೆಡ್ ಕಾನ್ಸ್‌ಟೇಬಲ್. ಠಾಣೆಯಲ್ಲಿ ನಾವು ಅವರಿಗಿಟ್ಟ ಹೆಸರು ಮೆಣಸಿನಕಾಯಿ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಜೀವದ ಮೇಲೆ ಆಸೆ ಇದೆ.

ಮಗನನ್ನು ಊರಿಗೆಲ್ಲ ಗೊತ್ತು. ಸೌರ ಸಾಹೇಬರು ಅಂತಲೇ ಹೆಸರು. ಬಿಸಿಲಿನಿಂದ ಕರೆಂಟು ಮಾಡಿ ಎಂದು ಶಾಲೆ, ಸಭೆ, ಮೈದಾನ ಯಾವುದನ್ನೂ ಬಿಡದೆ ಭಾಷಣ ಮಾಡುವವರು. ಮಾತು ಸರಿಯೇ. ಅವರ ಮಾತು ಕೇಳಿ ಎಷ್ಟೋ ಮಾಳಿಗೆಗಳ ಮೇಲೆ ಸೌರ ಫಲಕ ಬಂದಿದೆ, ನನ್ನ ಮನೆಯಲ್ಲೂ ಒಂದಿದೆ. ಅದಕ್ಕೇ ನನಗೆ ಇಷ್ಟು ಉರಿಯುವುದು.

ಅವರ ಮನೆಯ ಗೇಟಿನ ಮೇಲೆ 'ಮಾದರಿ ಮನೆ' ಎಂದು ಬೋರ್ಡು. ಮಾಳಿಗೆಯ ಮೇಲೆ ಫಲಕಗಳು, ಮೆಟ್ಟಿಲ ಕೆಳಗೆ ದೊಡ್ಡ ಬ್ಯಾಟರಿ, ಮನೆ ಮುಂದೆ ಕರೆಂಟಿನಿಂದ ಓಡುವ ಕಾರು. ಹೊರಗಿನ ಕರೆಂಟು ಹೋದರೂ ಅಜ್ಜಿಯ ಕೋಣೆಯ ಯಂತ್ರ, ಫ್ಯಾನು, ದೀಪ ಬ್ಯಾಟರಿಯಿಂದ ನಡೆಯುತ್ತಲೇ ಇರಬೇಕು. ಹಾಗಂತ ಮಾಡಿದ ವ್ಯವಸ್ಥೆ. ಅಂಗಳದಲ್ಲಿ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಆ ಸಂಜೆ ಮನೆ ನೋಡಲು ದೊಡ್ಡವರು ಬರುವವರಿದ್ದರು.

"ಇವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು," ಸಾಹೇಬರು ಹೇಳಿದರು. "ಹೇಳ್ದೆ ಕೇಳ್ದೆ ತೆಗೀತಾರೆ. ಆದ್ರೆ ನಮಗೇನು, ಬ್ಯಾಟರಿ ಇತ್ತು. ನಾನು ಮೇಲೆ ಓದೋ ಕೋಣೇಲಿದ್ದೆ. ಕೆಳಗೆ ಬಂದು ನೋಡಿದ್ರೆ ಅಮ್ಮ..." ಕರವಸ್ತ್ರ ಹೊರಬಂತು. "ಸ್ವಿಚ್ಚು ಆಫ್ ಆಗಿತ್ತು ಮೇಡಂ. ನನಗೆ ಯಾರ ಮೇಲೂ ದೂರಿಲ್ಲ. ಅವಳನ್ನ ಏನೂ ಅನ್ಬೇಡಿ. ಪಾಪ, ಅಭ್ಯಾಸ."

"ಯಾರನ್ನ?"

ಸಾಹೇಬರು ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ನಿಂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ, ಸೆರಗಿನ ತುಂಬ ಧೂಳು. ಆಕೆಯನ್ನೂ ಊರಿಗೆಲ್ಲ ಗೊತ್ತು, ಗಂಡನ ಭಾಷಣಗಳಿಂದಲೇ. 'ನಮ್ಮನೇಲಿ ಒಬ್ಬಳು ಸ್ವಿಚ್ಚಮ್ಮ ಇದಾಳೆ, ನಾನು ನಿದ್ದೆ ಮಾಡಿದ್ರೆ ನನ್ನನ್ನೂ ಆಫ್ ಮಾಡಿಬಿಡ್ತಾಳೆ' ಎಂದು ಅವರು ಹೇಳಿದಾಗಲೆಲ್ಲ ಜನ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಸ್ವಿಚ್ಚಮ್ಮ ಅಳುತ್ತಿರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಿದ್ದರು.

"ನಾನೇ ಆರಿಸಿರ್ಬೇಕು," ಎಂದರು. "ಫಲಕ ಒರೆಸೋಕೆ ಮಾಳಿಗೆಗೆ ಹೋಗೋ ಮುಂಚೆ ಇಲ್ಲಿಗೆ ಬಂದಿದ್ದೆ. ಅತ್ತೆ ಮಲಗಿದ್ರು. ಮೇಜಿನ ದೀಪ ಸುಮ್ನೆ ಉರೀತಿತ್ತು, ಆರಿಸಿದೆ. ಅದ್ರ ಜೊತೆ ಇದನ್ನೂ... ನನಗೆ ನೆನಪಿಲ್ಲ. ನನ್ನ ಕೈ ನನ್ನ ಮಾತು ಕೇಳಲ್ಲ ಮೇಡಂ. ಅದಕ್ಕೆ ಸ್ವಿಚ್ಚು ಕಂಡ್ರೆ ಆಯ್ತು."

"ನೆನಪಿಲ್ಲ ಅಂದ್ಮೇಲೆ ಯಾಕೆ ಒಪ್ಕೋತೀರಿ?"

"ಇನ್ಯಾರು ಮಾಡ್ತಾರೆ? ಈ ಮನೇಲಿ ಸ್ವಿಚ್ಚು ಆರಿಸೋಳು ನಾನೊಬ್ಳೇ."

"ಸಮಾಧಾನ ಮಾಡ್ಕೋ," ಸಾಹೇಬರು ಮೆಲ್ಲಗೆ ಹೇಳಿದರು. "ಬೇಕಂತ ಮಾಡಿಲ್ಲ ಅಂತ ಬರ್ಕೊಡು. ನಾನಿದ್ದೀನಿ."

ಎಂಥ ದೊಡ್ಡ ಮನಸ್ಸು ಅಂದುಕೊಂಡೆ. ಮೇಡಂ ಏನೂ ಅಂದುಕೊಂಡಂತೆ ಕಾಣಲಿಲ್ಲ. ಕೋಣೆಯ ಫೋಟೊ ತೆಗೆಸಿದರು. ಅಜ್ಜಿಯ ದೇಹ ಶವಪರೀಕ್ಷೆಗೆ ಹೋಯಿತು.

"ಅಡುಗೆಮನೆ ಎಲ್ಲಿ? ಒಂದ್ ಲೋಟ ನೀರು ಕೊಡಿ," ಎಂದರು ಮೇಡಂ.

ಸ್ವಿಚ್ಚಮ್ಮ ಮುಂದೆ ನಡೆದರು. ಅಡುಗೆಮನೆ ಕತ್ತಲೆ, ದೀಪ ಹಾಕಿದರು. ನೀರು ಕಾಯಿಸುವ ಕೆಟಲ್ಲು, ರುಬ್ಬುವ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಯಾವುದರ ಪ್ಲಗ್ಗೂ ಗೋಡೆಯಲ್ಲಿರಲಿಲ್ಲ. ಪ್ರತಿ ಸಾಕೆಟ್ಟಿನ ಪಕ್ಕದಲ್ಲಿ ಒಂದು ಕೊಕ್ಕೆ, ಕೊಕ್ಕೆಗೆ ಅಂದವಾಗಿ ಸುತ್ತಿದ ವೈರು. ಮೇಡಂ ನೀರು ಕುಡಿಯುತ್ತ ಅದನ್ನೇ ನೋಡಿದರು. ಮೇಡಂಗೆ ಬಾಯಾರಿಕೆ ಎಂದಷ್ಟೇ ನನಗೆ ಹೊಳೆದದ್ದು.

*

ಲೈನ್‌ಮನ್ ಬೀದಿಯ ಕೊನೆಯಲ್ಲೇ ಸಿಕ್ಕಿದ. ಹೊಸ ತಂತಿ ಎಳೆದು, ಕರೆಂಟು ವಾಪಸ್ ಕೊಟ್ಟು, ಸಾಮಾನು ಕಟ್ಟುತ್ತಿದ್ದ. ಪೊಲೀಸ್ ಜೀಪು ಕಂಡ ಕೂಡಲೇ ಮುಖ ಬಿಳಿಚಿತು. ನನಗೆ ಖುಷಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಸಿಕ್ಕಿಬಿದ್ದ ಎಂದುಕೊಂಡೆ.

"ಉಸಿರಿನ ಯಂತ್ರ ಇರೋ ಮನೆ ಅಂತ ಗೊತ್ತಿರ್ಲಿಲ್ವಾ?" ಮೇಡಂ ಗುಡುಗಿದರು. "ಹೇಳ್ದೆ ಕೇಳ್ದೆ ಕರೆಂಟು ತೆಗೆದಿದ್ದೀಯ."

ಲೈನ್‌ಮನ್ ಹೆದರಿದ್ದ. ಆದರೆ ಸಿಟ್ಟೂ ಬಂದಿತ್ತು.

"ಯಾರು ಹೇಳಿದ್ದು ಹಾಗಂತ? ಎಲ್ಲರಿಗೂ ಮೆಸೇಜು ಕಳಿಸಿದ್ವಿ. ಆ ಮನೆಗಂತೂ ನಾನೇ ಬೆಳಿಗ್ಗೆ ಫೋನು ಮಾಡಿದ್ದೆ, ಅಜ್ಜಿ ಇದಾರಲ್ಲ ಅಂತ. ಸಾಹೇಬ್ರೇ ಎತ್ತಿದ್ರು. ಏನಂದ್ರು ಗೊತ್ತಾ? 'ನಿನ್ನ ಕರೆಂಟು ಯಾರಿಗಯ್ಯಾ ಬೇಕು? ಸೂರ್ಯ ನಮ್ಮನೇಲಿ ಬಾಡಿಗೆಗಿದಾನೆ' ಅಂತ ನಕ್ಕರು. ಮೋಡ ಇದೆ ಸಾರ್, ಆಕ್ಸಿಜನ್ ಸಿಲಿಂಡರು ಒಂದು ಪಕ್ಕದಲ್ಲಿಟ್ಕೊಳ್ಳಿ ಅಂದೆ. ಫೋನು ಕುಕ್ಕಿದ್ರು."

ನಿಜ, ಒಂದು ವಾರದಿಂದ ಸೂರ್ಯ ಸರಿಯಾಗಿ ಮುಖ ತೋರಿಸಿರಲಿಲ್ಲ. ಲೈನ್‌ಮನ್ ತನ್ನ ಫೋನು ತೆಗೆದು ತೋರಿಸಿದ. ಬೆಳಿಗ್ಗೆ ಆ ಮನೆಗೆ ಕರೆ ಹೋದದ್ದು ಅದರಲ್ಲಿತ್ತು.

ಮೇಡಂ ಜೀಪು ಹತ್ತಿ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡರೆಂದರೆ ಗಾಜು ಅದುರಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದರು. "ಮೊದಲು ಈ ಬಡಪಾಯಿ ಮೇಲೆ ಹಾಕಿದ. ಆಮೇಲೆ ಹೆಂಡತಿ ಮೇಲೆ. ನಡಿ ವಾಪಸ್."

*

ಮಾದರಿ ಮನೆಯ ಎದುರಿಗೆ ಒಂದು ಹೊಲಿಗೆ ಅಂಗಡಿ. ಅಂಗಡಿಯ ಅಕ್ಕ ನೆರಿಗೆ ಹಿಡಿದು ಮಿಷನ್ನು ಓಡಿಸುತ್ತಿದ್ದಳು. ಕರೆಂಟಿನ ಮಿಷನ್ನು. ಮೇಡಂ ಮೊದಲು ಕೇಳಿದ್ದು ಅದನ್ನೇ.

"ಕರೆಂಟು ಹೋದಾಗ ಏನ್ಮಾಡ್ತೀಯಕ್ಕ?"

"ಏನ್ಮಾಡ್ತೀನಿ, ಹೊಸ್ತಿಲ ಮೇಲೆ ಕೂತು ಬೀದಿ ನೋಡ್ತೀನಿ. ಇವತ್ತೂ ಕೂತಿದ್ದೆ."

"ಏನು ಕಾಣಿಸ್ತು?"

ಅಕ್ಕ ಎದುರು ಮನೆಯ ಕಡೆ ಒಮ್ಮೆ ನೋಡಿದಳು. ಮಿಷನ್ನು ನಿಲ್ಲಿಸಿದಳು.

"ದೊಡ್ಡೋರ ಮನೆ ವಿಷಯ. ನನಗ್ಯಾಕೆ?"

"ಅಜ್ಜಿ ಹೋಗ್ಬಿಟ್ರು. ಸೊಸೆ ತಾನೇ ಕೊಂದೆ ಅಂತಿದಾರೆ."

"ಸೊಸೆನಾ?" ಅಕ್ಕನ ದನಿ ಏರಿತು. "ಅವರು ಮಾಳಿಗೆ ಮೇಲಿದ್ರಲ್ಲ! ಕರೆಂಟು ಹೋಗೋಕೆ ಎಷ್ಟೋ ಮುಂಚೆಯಿಂದ ಅಲ್ಲೇ ಫಲಕ ಒರೆಸ್ತಿದ್ರು. ಕಿಟಕೀಲಿ ಅಜ್ಜಿ ಫ್ಯಾನು ಕಾಣುತ್ತೆ ನನಗೆ. ಕರೆಂಟು ಹೋದ್ರೂ ತಿರುಗ್ತಾನೇ ಇತ್ತು. ನಮ್ಮ ಫ್ಯಾನು ನಿಂತಿದೆ, ಅವರದು ತಿರುಗ್ತಿದೆ, ಪುಣ್ಯವಂತರು ಅಂದ್ಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅದೂ ನಿಧಾನವಾಗಿ ನಿಂತುಹೋಯ್ತು. ಆಗಲೇ ಒಳಗಿಂದ ಕುಂಯ್ ಕುಂಯ್ ಅಂತ ಸದ್ದು ಶುರುವಾಯ್ತು."

"ಎಂಥ ಸದ್ದು?"

"ಗಡಿಯಾರದ ಅಲಾರಂ ಥರ. ನಾನೇನು ಕಂಡೆ, ಯಾರಾದ್ರೂ ಆರಿಸ್ತಾರೆ ಅಂದ್ಕೊಂಡೆ." ಅಕ್ಕ ಎದ್ದು ನಿಂತಳು. "ಅದು ಯಂತ್ರ ಕೂಗ್ತಿದ್ದಿದ್ದಾ ಮೇಡಂ?"

ಮೇಡಂ ಎದುರು ಮನೆಯ ಕಡೆ ತಿರುಗಿದರು. "ಸಾಹೇಬರು ಎಲ್ಲಿದ್ರು?"

"ಸದ್ದು ಶುರುವಾದ್ಮೇಲೆ ಮನೆ ಮುಂದಕ್ಕೆ ಓಡಿ ಬಂದ್ರು. ಕಾರಿಗೆ ಚಾರ್ಜು ಮಾಡೋ ವೈರು ಹಾಕಿತ್ತು. ಹೆಂಡತಿ ಮೇಲೆ ಹತ್ತಿದ ಮೇಲೆ ಅವರೇ ಹಾಕಿದ್ದು. ಅದನ್ನ ಕಿತ್ತು, ಸುತ್ತಿ, ಕಾರಿನ ಹಿಂದುಗಡೆ ಇಟ್ಟು ಮುಚ್ಚಳ ಹಾಕಿದ್ರು. ಆಮೇಲೆ ಒಳಗೆ ಹೋದ್ರು. ಕೂಗಾಟ ಶುರುವಾಗಿದ್ದು ಅದಾದ್ಮೇಲೆ."

ನಾನು ಇಷ್ಟು ವರ್ಷದ ಕೆಲಸದಲ್ಲಿ ಕಳ್ಳರನ್ನು, ಕೊಲೆಗಾರರನ್ನು ನೋಡಿದ್ದೇನೆ. ಆದರೆ ಅವತ್ತು ಆ ಹೊಸ್ತಿಲ ಮೇಲೆ ನಿಂತಾಗ ಬಂದ ಸಿಟ್ಟು ಬೇರೆಯೇ. ಒಂದು ಮನೆಯಲ್ಲಿ ತಾಯಿ ಉಸಿರಿಗೆ ಒದ್ದಾಡುತ್ತಿದ್ದಾಳೆ. ಮಗ ಹೊರಗೆ ವೈರು ಸುತ್ತುತ್ತಿದ್ದಾನೆ.

*

ಸಂಜೆಯಾಗುತ್ತಿತ್ತು. ಅತಿಥಿಗಳು ಬರುವುದಿಲ್ಲವೆಂದು ಹೇಳಿ ಕಳಿಸಿದ್ದರು. ಅಂಗಳದ ಕುರ್ಚಿಗಳು ಖಾಲಿ. ಬೀದಿಯ ಜನ ಮಾತ್ರ ಗೇಟಿನ ಹತ್ತಿರ ಸೇರಿದ್ದರು.

"ನಿಮ್ಮ ಹೆಂಡತೀನ ಠಾಣೆಗೆ ಕರ್ಕೊಂಡ್ ಹೋಗ್ತೀವಿ," ಮೇಡಂ ಹೇಳಿದರು.

ಸಾಹೇಬರು ನಿಟ್ಟುಸಿರು ಬಿಟ್ಟರು. "ಕಾನೂನು ಅಂದ್ರೆ ಕಾನೂನು."

"ಹೊರಡಿ ಅಮ್ಮ."

ಸ್ವಿಚ್ಚಮ್ಮ ಎದ್ದರು. ಹಜಾರದ ಮೂಲೆಯಲ್ಲಿ ಒಂದು ದೀಪ ಉರಿಯುತ್ತಿತ್ತು. ಜೈಲಿಗೆ ಹೊರಟ ಹೆಂಗಸು ಅದರ ಹತ್ತಿರ ನಿಂತರು. ಸ್ವಿಚ್ಚು ಆರಿಸಿದರು. ಅದೇ ಓಘದಲ್ಲಿ ಪ್ಲಗ್ಗು ಎಳೆದರು, ವೈರನ್ನು ಎರಡು ಸುತ್ತು ಸುತ್ತಿದರು, ಕೊಕ್ಕೆಗೆ ಹಾಕಿದರು. ಕಣ್ಣು ಬಾಗಿಲ ಕಡೆಗೇ ಇತ್ತು.

"ಈಗ ಏನ್ಮಾಡಿದ್ರಿ?" ಮೇಡಂ ಕೇಳಿದರು.

"ಏನು?"

"ಪ್ಲಗ್ಗು ಯಾಕೆ ತೆಗೆದ್ರಿ?"

ಸ್ವಿಚ್ಚಮ್ಮ ಕೊಕ್ಕೆಯನ್ನು ಆಗಷ್ಟೇ ಕಂಡವರಂತೆ ನೋಡಿದರು. "ಯಾವಾಗ್ಲೂ ತೆಗೀತೀನಿ. ಕೆಲವಕ್ಕೆ ಆರಿಸಿದ್ರೂ ಒಂದಿಷ್ಟು ಕರೆಂಟು ಸೋರ್ತಾ ಇರುತ್ತೆ, ಯಾವುದಕ್ಕೆ ಅಂತ ನೋಡ್ತಾ ಕೂರಲ್ಲ ನಾನು. ಪ್ಲಗ್ಗು ಬಿಟ್ಟು ಸ್ವಿಚ್ಚು ಮಾತ್ರ ಆರಿಸೋದು ನಲ್ಲಿ ಅರ್ಧ ತಿರುಗಿಸಿದ ಹಾಗೆ."

"ಅಜ್ಜಿ ಕೋಣೆಯ ಮೇಜಿನ ದೀಪದ ಪ್ಲಗ್ಗು?"

"ತೆಗೆದು ಕೊಕ್ಕೆಗೆ ಹಾಕಿದೆ."

ಮೇಡಂ ಫೋನಿನಲ್ಲಿದ್ದ ಫೋಟೊ ತೋರಿಸಿದರು. ಮೇಜಿನ ದೀಪದ ಪ್ಲಗ್ಗು ಕೊಕ್ಕೆಯಲ್ಲಿತ್ತು. ಆಕ್ಸಿಜನ್ ಯಂತ್ರದ ಪ್ಲಗ್ಗು ಗೋಡೆಯಲ್ಲಿತ್ತು, ಅದರ ಸ್ವಿಚ್ಚು ಆಫ್ ಆಗಿತ್ತು.

"ನಿಮ್ಮ ಕೈ ನಿಮ್ಮ ಮಾತು ಕೇಳಲ್ಲ ಅಂದ್ರಿ. ಸರಿ. ಆದ್ರೆ ಆ ಕೈ ಯಾವತ್ತೂ ಅರ್ಧ ಕೆಲಸ ಮಾಡಲ್ಲ. ಈ ಸ್ವಿಚ್ಚು ಆರಿಸಿದ್ದು ನಿಮ್ಮ ಕೈ ಅಲ್ಲ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿ, ನಿಮ್ಮನ್ನ ನೋಡಿ ನಕ್ಕು, ಒಂದ್ಸಲನೂ ಸರಿಯಾಗಿ ನೋಡದೇ ಇದ್ದೋರ ಕೈ."

ಸ್ವಿಚ್ಚಮ್ಮ ಗೋಡೆಗೆ ಒರಗಿದರು. ಸಾಹೇಬರು ನಗಲು ನೋಡಿದರು.

"ಇದೇನು ಮೇಡಂ, ಪ್ಲಗ್ಗು ನೋಡಿ ಕೇಸು ಮಾಡ್ತೀರಾ?"

"ಫ್ಯಾನು ನೋಡಿ ಮಾಡ್ತೀನಿ. ಯಂತ್ರದ ಸ್ವಿಚ್ಚು ಆರಿಸಿದ್ರೆ ಯಂತ್ರ ಒಂದೇ ನಿಲ್ಬೇಕು. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಫ್ಯಾನೂ ನಿಂತಿದ್ದನ್ನ, ಯಂತ್ರ ಆಗಲೇ ಕೂಗೋಕೆ ಶುರುಮಾಡಿದ್ದನ್ನ ಕಂಡು ಕೇಳಿದೋರಿದಾರೆ. ಎರಡೂ ಒಟ್ಟಿಗೆ ನಿಂತ್ವು ಅಂದ್ರೆ ಬ್ಯಾಟರಿ ಬರಿದಾಗಿತ್ತು. ಅದನ್ನ ಕುಡಿದಿದ್ದು ಯಾರು? ಯಂತ್ರ ಕೂಗ್ತಿದ್ದಾಗ ನೀವು ಹೊರಗೆ ಕಾರಿನ ವೈರು ಸುತ್ತಿದ್ದನ್ನೂ ಕಂಡಿದಾರೆ. ಕೀ ಕೊಡಿ."

"ಕಾರಿಗೂ ಇದಕ್ಕೂ..."

"ಕೀ."

ನಾನು ಹೊರಗೆ ಹೋಗಿ ಕಾರು ತೆರೆದೆ. ಹಿಂದೆ ಸುತ್ತಿಟ್ಟ ವೈರು. ಸುತ್ತಿದ್ದು ಹಗ್ಗದ ಗಂಟಿನ ಹಾಗೆ, ಸ್ವಿಚ್ಚಮ್ಮನ ಅಂದ ಅದರಲ್ಲಿರಲಿಲ್ಲ. ಕಾರಿನ ಪರದೆ ಬೆಳಗಿತು. ಚಾರ್ಜಿಂಗ್ ಅಪೂರ್ಣ, ವಿದ್ಯುತ್ ನಿಂತಿದೆ ಎಂದು ಅದೇ ಹೇಳಿತು. ಯಜಮಾನನಿಗೆ ಇಲ್ಲದ ಪ್ರಾಮಾಣಿಕತೆ ಕಾರಿಗಿತ್ತು. ಒಳಗೆ ಬಂದು ಮೇಡಂಗೆ ಹೇಳಿದೆ.

"ಇವತ್ತು ಕರೆಂಟು ಹೋಗುತ್ತೆ ಅಂತ ಬೆಳಿಗ್ಗೆನೇ ಗೊತ್ತಿತ್ತು ನಿಮಗೆ," ಮೇಡಂ ಒಂದು ಹೆಜ್ಜೆ ಮುಂದೆ ಬಂದರು. "ಮೋಡ ಇತ್ತು. ಬ್ಯಾಟರಿ ತುಂಬಿರ್ಲಿಲ್ಲ. ಆದ್ರೂ ಕಾರಿಗೆ ಹಾಕಿದ್ರಿ. ಯಾಕೆ?"

ಸಾಹೇಬರ ಕರವಸ್ತ್ರ ಮತ್ತೆ ಹೊರಬಂತು. "ಅತಿಥಿಗಳನ್ನ ಬರೀ ಬಿಸಿಲಿನ ಕರೆಂಟಲ್ಲಿ ಓಡೋ ಕಾರಲ್ಲಿ ಸುತ್ತಾಡಿಸ್ತೀನಿ ಅಂತ ಹೇಳಿದ್ದೆ. ಮಾತು ಕೊಟ್ಟಿದ್ದೆ. ಬೇಗ ಮುಗಿಯುತ್ತೆ ಅಂದ್ಕೊಂಡೆ..."

"ಬ್ಯಾಟರಿ ಅತ್ತೆಗೆ ಅಂತ ಹೇಳಿದ್ದೆ." ಸ್ವಿಚ್ಚಮ್ಮನ ದನಿ. ಮೆಲ್ಲಗೆ ಶುರುವಾಯಿತು, ಮೆಲ್ಲಗೆ ಉಳಿಯಲಿಲ್ಲ. "ಕಾರು ಅದಕ್ಕೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳಿದ್ದೆ! ನೀನು ಸ್ವಿಚ್ಚು ನೋಡ್ಕೋ ಸಾಕು ಅಂದ್ರಿ. ಸಿಲಿಂಡರು ಇರ್ಲಿ ಅಂದೆ, ಮನೆ ಆಸ್ಪತ್ರೆ ಥರ ಕಾಣುತ್ತೆ ಅಂತ ವಾಪಸ್ ಕಳಿಸಿದ್ರಿ. ನಾನು ಒಂದೊಂದು ದೀಪ ಆರಿಸಿ ಉಳಿಸಿದ್ದೆಲ್ಲ ಅತ್ತೆ ಉಸಿರಿಗೆ ಅಂತ ಉಳಿಸಿದ್ದು. ಮಾಳಿಗೆ ಮೇಲೆ ನನಗೆ ಕೇಳಿಸ್ಲಿಲ್ಲ. ನಿಮಗೆ ಕೂಗು ಕೇಳಿಸಿದ್ರೂ ಮೊದಲು ವೈರು ಸುತ್ತಿದ್ರಾ? ಅಮ್ಮನ ಹತ್ರ ಹೋಗ್ಲಿಲ್ವಾ?"

ಸಾಹೇಬರು ಕರವಸ್ತ್ರ ಮಡಿಸಿ ಜೇಬಿಗೆ ಹಾಕಿಕೊಂಡರು.

"ಕರೆಂಟು ಹೋಗಿದ್ದು ಅಪರಾಧ ಅಲ್ಲ," ಎಂದರು ಮೇಡಂ. "ಸೂರ್ಯನದ್ದೂ ತಪ್ಪಿಲ್ಲ. ಉಸಿರಿನ ಕರೆಂಟು ತೆಗೆದು ಜಂಬಕ್ಕೆ ಕೊಟ್ರಿ. ಯಂತ್ರ ಕೂಗಿ ಕರೆದಾಗ ಸಾಕ್ಷಿ ಬಚ್ಚಿಟ್ರಿ. ಆಮೇಲೆ ಸತ್ತ ತಾಯಿ ಪಕ್ಕದಲ್ಲಿ ನಿಂತು, ಬದುಕಿರೋ ಹೆಂಡತಿ ಹೆಸರಿಗೆ ಆ ಸ್ವಿಚ್ಚು ಆರಿಸಿದ್ರಿ. ಅದರ ಮೇಲೆ ಯಾರ ಬೆರಳಿದೆ ಅಂತ ನಾಳೆ ಗೊತ್ತಾಗುತ್ತೆ. ನಿಮಗೆ ಈಗಲೇ ಗೊತ್ತಿದೆ."

ಸಾಹೇಬರು ಕುರ್ಚಿ ಹುಡುಕಿ ಕೂತರು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಇಷ್ಟೊಂದು ಕತ್ತಲೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

*

ಹೊರಗೆ ಮಬ್ಬಾಗಿತ್ತು. ಗೇಟಿನ ಹತ್ತಿರ ಜನ ಹೆಚ್ಚಾಗಿದ್ದರು. ಹೊಲಿಗೆ ಅಕ್ಕ ಮುಂದೆ ನಿಂತಿದ್ದಳು, ಪಕ್ಕದಲ್ಲಿ ಲೈನ್‌ಮನ್.

ನಾನು ತೋಳು ಹಿಡಿದಾಗ ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು. "ಒಂದು ಉಪಕಾರ," ಪಿಸುಗುಟ್ಟಿದರು. "ಕತ್ತಲಾಗ್ತಿದೆ. ಹೇಗೂ ದೀಪ ಹಾಕಿಲ್ಲ. ಪೂರ್ತಿ ಕತ್ತಲಾದ್ಮೇಲೆ ಹೋಗೋಣ. ಊರಿನ ಮುಂದೆ ನನ್ನ ಮುಖ..."

ಮೇಡಂ ಉತ್ತರ ಕೊಡುವ ಮೊದಲೇ ಟಕ್ ಎಂದು ಸದ್ದಾಯಿತು.

ಹಜಾರದ ದೀಪ. ಮತ್ತೆ ಟಕ್. ಅಡುಗೆಮನೆ. ಮೆಟ್ಟಿಲು. ಮೇಲಿನ ಓದುವ ಕೋಣೆ. ಸ್ವಿಚ್ಚಮ್ಮ ಕೋಣೆಯಿಂದ ಕೋಣೆಗೆ ಓಡುತ್ತಿದ್ದರು. ಕೊಕ್ಕೆಯಲ್ಲಿದ್ದ ದೀಪಗಳ ಪ್ಲಗ್ಗು ಕಿತ್ತು ಗೋಡೆಗೆ ಚುಚ್ಚುತ್ತಿದ್ದರು. ಕಿಟಕಿಗಳು ಒಂದರ ಹಿಂದೆ ಒಂದು ಬೆಳಗಿದವು. ಕಡೆಗೆ ಗೇಟಿನ ಮೇಲಿನ ದೊಡ್ಡ ದೀಪ. 'ಮಾದರಿ ಮನೆ' ಎಂಬ ಬೋರ್ಡಿನ ಕೆಳಗೆ, ಕಣ್ಣು ಕುಕ್ಕುವ ಬೆಳಕಿನಲ್ಲಿ, ಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಅಜ್ಜಿಯ ಕಿಟಕಿ ಒಂದು ಮಾತ್ರ ಕತ್ತಲೆಯಾಗಿಯೇ ಉಳಿಯಿತು.

"ನೋಡ್ಲಿ," ಸ್ವಿಚ್ಚಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದು ನಿಂತರು. "ಎಲ್ರೂ ನೋಡ್ಲಿ."

ಯಾರೂ ನಗಲಿಲ್ಲ. ನಾವು ಜೀಪು ಹತ್ತಿ ತಿರುವು ದಾಟುವವರೆಗೂ ಆಕೆ ಒಂದು ದೀಪವನ್ನೂ ಆರಿಸಲಿಲ್ಲ.