ಸೋಪಿನ ಪುಡಿಯ ಮದುಮಗಳು

"ನಗಬೇಡಿ!"

ಬೆರೆನೀಸ್ ಕಿರುಚಿದಳು. ಆದರೂ ಬಾಗಿಲಲ್ಲಿ ನಿಂತಿದ್ದ ಆ ಅಪರಿಚಿತನಿಗೆ ನಗು ತಡೆಯಲಾಗಲಿಲ್ಲ. ಹೆಗಲ ಮೇಲೆ ಬಟ್ಟೆಯ ಸುರುಳಿ, ಉಗುರಲ್ಲೆಲ್ಲ ಕೆಂಪು ಬಣ್ಣ... ನಗುತ್ತ ನಗುತ್ತ ಸುರುಳಿಯೇ ಜಾರಿ ಬಿತ್ತು.

ನಗು ಬರದೇ ಇರುತ್ತದೆಯೇ ಮತ್ತೆ? ಅವಳ ತಲೆಯ ಮೇಲೆ ಸೋಪಿನ ಪುಡಿಯ ಖಾಲಿ ಡಬ್ಬಿಗಳ ಗೋಪುರ! ಸುತ್ತ ಹಳದಿ, ಹಸಿರು ರಿಬ್ಬನ್ನು ಬೇರೆ.

ಅಂದು ಸಂತ ಕ್ಯಾಥರೀನಳ ಹಬ್ಬ. ನಮ್ಮ ಪ್ಯಾರಿಸ್ಸಿನ ದೊಡ್ಡ ಹೊಲಿಗೆಮನೆಗಳಲ್ಲಿ ಇಪ್ಪತ್ತೈದು ತುಂಬಿಯೂ ಮದುವೆಯಾಗದ ಹುಡುಗಿಗೆ ಗೆಳತಿಯರೇ ಟೋಪಿ ಮಾಡಿ ತೊಡಿಸುತ್ತಾರೆ. ಈ ಸಲ ಯಜಮಾನ ಅರ್ಮಾನ್ ತನ್ನ ಫ್ಯಾಷನ್ ಶೋಗೆ 'ಸೂಪರ್ ಮಾರ್ಕೆಟ್' ಎಂದು ವಿಷಯ ಇಟ್ಟಿದ್ದ. ಡಬ್ಬಿ, ಪೊಟ್ಟಣ, ಜಾಹೀರಾತುಗಳ ಚಿತ್ರವೇ ರೇಷ್ಮೆಯ ಮೇಲೆ ಬರಬೇಕಂತೆ. ಹುಡುಗಿಯರು ಟೋಪಿಯನ್ನೂ ಅದೇ ಧಾಟಿಯಲ್ಲಿ ಮಾಡಿದ್ದರು.

"ಯಾರ್ರೀ ನೀವು?"

"ರೆಮಿ. ಅಚ್ಚಿನವನು. ಇಷ್ಟು ದಿನ ದಿನಸಿ ಅಂಗಡಿಗಳಿಗೆ ಪೋಸ್ಟರ್ ಹಾಕಿಕೊಡ್ತಿದ್ದೆ. ಈಗ ಅದನ್ನೇ ರೇಷ್ಮೆ ಮೇಲೆ ಹಾಕಿದ್ರೆ ಕಲೆ ಅಂತಾರೆ ನಿಮ್ಮ ಯಜಮಾನರು!"

ಹೊಲಿಗೆಮನೆಯ ಹಿರಿಯಳು ಮದಾಮ್ ಗಿಲೇನ್ ಕಣ್ಣು ಮಿಟುಕಿಸಿದಳು. "ನೋಡಪ್ಪಾ, ಸರಕು ಒಳ್ಳೇದೇ. ಕಪಾಟಲ್ಲೇ ಕೂತು ಧೂಳು ಹಿಡೀತಿದೆ. ಕೊಳ್ಳೋರೇ ಇಲ್ಲ!"

ಎಲ್ಲರೂ ಗೊಳ್ಳೆಂದರು. ಬೆರೆನೀಸಳೂ ನಕ್ಕಳು. ಆದರೆ ಆ ಮಾತು ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ತಂಗಿಯ ಮದುವೆಯೂ ಆಗಿಹೋಯಿತು... 'ನಾನು ಹೀಗೇ ಉಳಿದುಬಿಡ್ತೀನಾ? ಯಾರಿಗೂ ಬೇಡದವಳಾಗಿ?'

ರೆಮಿಯ ನಗು ನಿಂತಿತು. ಅವನು ಆ ಕಣ್ಣುಗಳನ್ನು ನೋಡಿಬಿಟ್ಟಿದ್ದ.

"ಒಂದು ನಿಮಿಷ ಅಲ್ಲಾಡಬೇಡಿ," ಎಂದು ಜೇಬಿನಿಂದ ಪೆನ್ಸಿಲು, ಕಾಗದ ತೆಗೆದು ಅವಳ ಮುಖ ಬರೆದುಕೊಂಡ.

"ಯಾಕೆ?"

"ಚೆಂದ ಇದ್ದೀರ, ಅದಕ್ಕೆ."

ಅಯ್ಯೋ, ಆ ಚಳಿಗಾಲ! ಬೆರೆನೀಸ್ ನಡೆಯುತ್ತಿದ್ದಳೋ ತೇಲುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕೆಲಸ ಬಿಟ್ಟೊಡನೆ ಮೆಟ್ರೋ ಹಿಡಿದು ಊರಾಚೆಯ ಅವನ ಅಚ್ಚಿನಮನೆಗೆ ಓಡುತ್ತಿದ್ದಳು. ಅಲ್ಲಿ ಹಗ್ಗದ ಮೇಲೆ ಒಣಗುವ ರೇಷ್ಮೆ... ಗುಲಾಬಿ ಟೊಮ್ಯಾಟೊ, ನೀಲಿ ಬಾಳೆಹಣ್ಣು, ಚುಕ್ಕಿಚುಕ್ಕಿಯ ತುಟಿಗಳು. ಅವುಗಳ ನಡುವೆ ಇಬ್ಬರೂ ಸುಟ್ಟ ಚೆಸ್ಟ್‌ನಟ್ ಕಾಯಿ ಸುಲಿದು ತಿನ್ನುತ್ತ ಕೂರುತ್ತಿದ್ದರು. 'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಚೌಕಟ್ಟಿಗೆ ಬಿಗಿದ ತೆಳ್ಳನೆಯ ಪರದೆ, ಅದರ ಮೇಲೆ ಬಣ್ಣ ಎಳೆದರೆ ಕೆಳಗೆ ಚಿತ್ರ!

"ಒಂದೇ ಪರದೆಯಿಂದ ಎಷ್ಟು ಬೇಕಾದ್ರೂ ತೆಗೀಬಹುದಾ?" ಅವಳು ಕೇಳಿದ್ದಳು.

"ಎಷ್ಟು ಬೇಕಾದ್ರೂ. ಆದ್ರೆ ಪರದೆ ತೊಳೆದುಬಿಟ್ರೆ ಕಥೆ ಮುಗೀತು. ಆ ಚಿತ್ರ ಮತ್ತೆ ಹುಟ್ಟಲ್ಲ." ಆಮೇಲೆ ಕಿವಿಯ ಹತ್ತಿರ ಬಾಗಿ, "ಕೊನೇ ಉಡುಪಿನ ಬಟ್ಟೆ ನೋಡು ಆಯ್ತಾ? ನಾನು ಬಾಯಲ್ಲಿ ಹೇಳಕ್ಕಾಗದ್ದು ಅದರಲ್ಲಿರುತ್ತೆ."

ಕೊನೆಯ ಉಡುಪೆಂದರೆ ಮದುಮಗಳದ್ದು! ಮದುಮಗಳು ಬರದೆ ನಮ್ಮಲ್ಲಿ ಪ್ರದರ್ಶನ ಮುಗಿಯುವುದಿಲ್ಲ. ಅಂದು ದಿನವಿಡೀ ಬೆರೆನೀಸಳ ಕೆನ್ನೆ ಬಿಸಿಯಾಗಿಯೇ ಇತ್ತು.

ಪ್ರದರ್ಶನದ ಹಿಂದಿನ ದಿನ ಆ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡಿತು.

ಅವಳ ಮುಖ! ಸಾಲುಸಾಲಾಗಿ ಸೋಪಿನ ಪುಡಿಯ ಡಬ್ಬಿಗಳ ಮೇಲೆ ಅವಳದೇ ಮುಖ. ಎದೆ ಹಿಗ್ಗಿತು... ಮರುಗಳಿಗೆಯೇ ಕಂಡಿತು, ಪ್ರತಿ ಮುಖದ ಕೆನ್ನೆಯ ಮೇಲೂ ಹಳದಿ ಚೀಟಿ.

'ಅರ್ಧ ಬೆಲೆ! ಉಳಿದ ಸರಕು!'

ಒಬ್ಬಳು ಕಿಸಕ್ಕೆಂದಳು. ಬೆರೆನೀಸಳ ಕೈಯಿಂದ ಕತ್ತರಿ ಬಿತ್ತು.

ಅದೇ ಹೊತ್ತಿಗೆ ರೆಮಿ ಒಳಬಂದ. ಬಟ್ಟೆ ನೋಡಿ ಅವನ ಮುಖವೂ ಬಿಳಿಚಿತು. "ಬೆರೆನೀಸ್, ಇದು..."

"ಬೇಡ! ಅವರು ಹೇಳಿದಾಗ ನಕ್ಕುಬಿಟ್ಟೆ. ಆದ್ರೆ ನೀನು? ನೀನೂ ನಂಗೆ ಬೆಲೆ ಚೀಟಿ ಅಂಟಿಸಿದ್ಯಾ?"

"ಕೇಳು ಇಲ್ಲಿ..."

"ಏನು ಕೇಳೋದು? ಪ್ಯಾರಿಸ್ಸಿಗೆ ಪ್ಯಾರಿಸ್ಸೇ ನೋಡಿ ನಗ್ಲಿ ಅಂತಾನಾ? ಹೋಗು ರೆಮಿ. ಇನ್ನು ನನ್ನ ಕಣ್ಣಿಗೆ ಬೀಳಬೇಡ."

ಅವನು ಬಟ್ಟೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಏನೋ ತೀರ್ಮಾನಿಸಿದವನಂತೆ ದಾಪುಗಾಲು ಹಾಕಿ ಹೊರಟೇಹೋದ.

ಹುಚ್ಚು ಹುಡುಗಿ! ಒಂದು ಮಾತು ಆಡಲು ಬಿಟ್ಟಿದ್ದರೆ? ಆದರೆ ನೊಂದ ಮನಸ್ಸಿಗೆ ಕಿವಿ ಎಲ್ಲಿರುತ್ತದೆ, ಹೇಳಿ? ಕಣ್ಣೀರು ಒರೆಸಿಕೊಳ್ಳುತ್ತಲೇ ಆ ಮದುಮಗಳ ಉಡುಪಿನ ಅಂಚು ಹೊಲಿದು ಮುಗಿಸಿದಳು. ಕೆಲಸ ಕೆಲಸವೇ.

ಮರುದಿನ ಗಾಜಿನ ಸೂರಿನ ಆ ಸಭಾಂಗಣ ಕನಸಿನ ಅಂಗಡಿಯಾಗಿತ್ತು. ಆಳೆತ್ತರದ ಜ್ಯಾಮ್ ಬಾಟಲಿಗಳು, ಚಿನ್ನದ ತಳ್ಳುಗಾಡಿಗಳು, ಅವುಗಳ ನಡುವೆ ತೇಲಿ ಬರುವ ಹುಡುಗಿಯರು... ಕೊನೆಗೆ ಮದುಮಗಳು. ಚಪ್ಪಾಳೆ ನಿಲ್ಲಲೇ ಇಲ್ಲ! ತೆರೆಯ ಹಿಂದೆ ನಿಂತ ಬೆರೆನೀಸಳಿಗೆ ಮಾತ್ರ ತನ್ನನ್ನೇ ಹರಾಜು ಹಾಕಿದಂತಿತ್ತು.

ಆಗ ಪಕ್ಕದಲ್ಲೇ ಅರ್ಮಾನನ ದನಿ ಕೇಳಿತು. "ರೆಮಿ! ಎಲ್ಲರಿಗೂ ಇದೇ ಬೇಕಂತೆ ಕಣಯ್ಯಾ. ಕೈಚೀಲ, ಸ್ಕಾರ್ಫು, ಛತ್ರಿ, ಎಲ್ಲದಕ್ಕೂ ಇದೇ ಮುಖ. ನಾಳೆಯಿಂದಲೇ ಶುರು ಮಾಡು."

"ಆಗಲ್ಲ. ಪರದೆ ತೊಳೆದುಬಿಟ್ಟೆ."

"ಏನಂದೆ?!"

"ನಿನ್ನೆ ಇಲ್ಲಿಂದ ಹೋದವನೇ ತೊಳೆದೆ. ನಾನು ಕಳಿಸಿದಾಗ ಆ ಮುಖದ ಮೇಲೆ ಚೀಟಿ ಇರಲಿಲ್ಲ ಸಾರ್. ನಂಗೊಂದು ಮಾತೂ ಹೇಳದೆ ನೀವು ಹೊರಗೆ ಕೊಟ್ಟು ಹಾಕಿಸಿದ್ರಿ."

"ತಮಾಷೆಗೆ ಕಣೋ! ಅದೇ ಅಲ್ವೇನೋ ಕಲೆ?"

"ಇರಬಹುದು. ನಂಗೆ ಅವಳು ತಮಾಷೆ ಅಲ್ಲ."

"ಇನ್ಮೇಲೆ ಈ ಮನೆ ಬಾಗಿಲು ತುಳೀಬೇಡ!"

"ಸರಿ," ಎಂದು ರೆಮಿ ಹೊರಟ.

ಬೆರೆನೀಸ್ ಎಲ್ಲವನ್ನೂ ಕೇಳಿಸಿಕೊಂಡಳು. 'ದೇವರೇ, ಏನು ಮಾಡಿಬಿಟ್ಟೆ ನಾನು!' ಕೋಟನ್ನೂ ಹಾಕದೆ ಓಡಿದಳು. ಸೇನ್ ನದಿಯ ಸೇತುವೆಯ ಮೇಲೆ ಅವನು ಸಿಕ್ಕ.

"ರೆಮಿ! ಯಾಕೆ ಹೇಳ್ಲಿಲ್ಲ?"

"ಬಿಟ್ಟೆಯಾ ನೀನು ಹೇಳೋಕೆ?"

ಅಳುತ್ತಲೇ ಅವಳಿಗೆ ನಗು ಬಂತು. ಅವನು ತನ್ನ ಕೋಟು ತೆಗೆದು ಅವಳಿಗೆ ಹೊದಿಸಿದ.

"ಅಷ್ಟು ದೊಡ್ಡ ಕೆಲಸ ಹೋಯ್ತಲ್ಲೋ..."

"ಅಂಗಡಿಯೋರಿಗೆ ಪೋಸ್ಟರ್ ಬೇಕೇ ಬೇಕು, ಬಿಡು. ಬೆರೆನೀಸ್, ಅಷ್ಟು ಸಲ ನಿನ್ನ ಮುಖ ಅಚ್ಚು ಹಾಕಿದೆ. ಒಂದ್ರಲ್ಲಿ ಬಣ್ಣ ಜಾಸ್ತಿ, ಒಂದ್ರಲ್ಲಿ ಕಣ್ಣು ಮಂಕು. ಒಂದೂ ನಿನ್ನ ಹಾಗೆ ಬರಲಿಲ್ಲ ಕಣೇ. ಆಗ ಗೊತ್ತಾಯ್ತು, ನಂಗೆ ಬೇಕಾಗಿದ್ದು ಚಿತ್ರ ಅಲ್ಲ. ನೀನು."

ಕೆಳಗೆ ನೀರು ಮೆಲ್ಲಗೆ ಹರಿಯುತ್ತಿತ್ತು. ಅವಳು ಅವನ ಎದೆಗೆ ಹಣೆಯಿಟ್ಟಳು.

"ಈಗ ನಿನ್ನ ಹತ್ರ ನನ್ನ ಮುಖ ಇಲ್ವೇ ಇಲ್ವಲ್ಲ?"

"ಇಲ್ಲ. ಆ ಪೆನ್ಸಿಲ್ ಚಿತ್ರಾನೂ ಸೇರಿ ಒಂದೂ ಉಳಿಸ್ಕೊಂಡಿಲ್ಲ."

"ಮತ್ತೆ... ನೋಡ್ಬೇಕು ಅನ್ನಿಸಿದ್ರೆ?"

"ಅದನ್ನೇ ಯೋಚನೆ ಮಾಡ್ತಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ನೋಡ್ಬೇಕು ಅನ್ನಿಸುತ್ತೆ. ಏನು ಮಾಡ್ಲಿ?"

"ಮದುವೆ ಮಾಡ್ಕೋ, ಪೆದ್ದ!"