ಲಾಭ ಎಲ್ಲಿದೆ ತೋರಿಸು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಯಜಮಾನಮ್ಮ ಗಲ್ಲಾದ ಡ್ರಾಯರನ್ನು ಪೂರ್ತಿ ಹೊರಗೆಳೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದಳು. ಬಿದ್ದದ್ದು ಇಷ್ಟೇ: ನೂರರ ಹನ್ನೊಂದು ನೋಟು, ಒಂದು ಹಿಡಿ ಚಿಲ್ಲರೆ, ಎರಡು ರಬ್ಬರ್ ಬ್ಯಾಂಡು. ಅವತ್ತು ಸಂಜೆ ಆರು ಜನ ಹೊಲಿಗೆಯವರಿಗೆ ಹದಿನೈದು ದಿನದ ಸಂಬಳ ಕೊಡಬೇಕಿತ್ತು... ನಲವತ್ತೆರಡು ಸಾವಿರ! ಹೊಲಿಗೆ ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರ ಕಣ್ಣೂ ಗೋಡೆಯ ಪಕ್ಕ ಲೆಕ್ಕದ ಕಂಪ್ಯೂಟರಿನ ಮುಂದೆ ಕೂತಿದ್ದ ಸೊಸೆಯ ಮೇಲೆ ನೆಟ್ಟವು.

"ಈ ವರ್ಷ ಲಾಭ ಮೂರು ಲಕ್ಷ ಎಂಬತ್ತು ಸಾವಿರ ಅಂತ ಬರೆದಿದ್ದೀಯಲ್ಲಮ್ಮ," ಎಂದಳು ಯಜಮಾನಮ್ಮ. "ಎಲ್ಲಿದೆ? ತೋರಿಸು."

ಎದುರಿಗೆ ಯಜಮಾನಮ್ಮ, ಬೆನ್ನ ಹಿಂದೆ ಜಿಪ್ಪಮ್ಮ. ಹೊಲಿಗೆಯವರು ಆಕೆಯನ್ನು ಕರೆಯುತ್ತಿದ್ದದ್ದು ಹಾಗೆ. ತನ್ನ ಕಾರ್ಖಾನೆಯ ಒಂದೊಂದು ಸ್ಕೂಲ್ ಬ್ಯಾಗಿನ ಜಿಪ್ಪನ್ನೂ ಮೂರು ಸಲ ಎಳೆದು ನೋಡದೆ ಹೊರಗೆ ಕಳಿಸಿದವಳಲ್ಲ ಅವಳು. ಗಂಡ ತೀರಿಕೊಂಡಾಗ ಇದ್ದದ್ದು ಒಂದು ಹೊಲಿಗೆ ಯಂತ್ರ ಮತ್ತು ಎಂಟು ವರ್ಷದ ಮಗ. ಈಗ ಕೆಳಗೆ ಆರು ಯಂತ್ರ, ಮೇಲೆ ವಾಸದ ಮನೆ. ಮಗ ಬಟ್ಟೆ ಕತ್ತರಿಸುತ್ತಾನೆ, ಸೊಸೆ ಲೆಕ್ಕ ಬರೆಯುತ್ತಾಳೆ. ಯಜಮಾನಮ್ಮನ ಕಾಲದ ಲೆಕ್ಕಕ್ಕೆ ಕಾಗದವೇ ಬೇಕಿರಲಿಲ್ಲ. ಬೆಳಿಗ್ಗೆ ಡ್ರಾಯರಿನಲ್ಲಿ ಎಷ್ಟಿತ್ತು, ಸಂಜೆ ಎಷ್ಟಿದೆ, ಹೆಚ್ಚಿಗೆ ಇದ್ದದ್ದೇ ಲಾಭ. ಮಕ್ಕಳನ್ನು ಕರೆದುಕೊಂಡು ಬಂದ ತಂದೆತಾಯಿ ಬಾಗಿಲಲ್ಲೇ ದುಡ್ಡು ಎಣಿಸಿ ಬ್ಯಾಗು ಒಯ್ಯುತ್ತಿದ್ದ ದಿನಗಳವು. ಈಗ ಮಾಲು ಹೋಗುವುದು ಅಂಗಡಿಗಳಿಗೆ, ಸಾಲದ ಮೇಲೆ. ಆದರೂ ಅವಳ ಮನಸ್ಸಿನಲ್ಲಿ ಲಾಭ ಎಂದರೆ ಮುಟ್ಟಿ ನೋಡಬಹುದಾದ ವಸ್ತು. ಲಾಭ ಇದೆ, ಡ್ರಾಯರಿನಲ್ಲಿ ಇಲ್ಲ... ಹಾಗಿದ್ದರೆ ಮಧ್ಯದಲ್ಲಿ ಯಾರೋ ಎತ್ತಿದ್ದಾರೆ. ಅದಕ್ಕಿಂತ ಸರಳವಾದ ಲೆಕ್ಕ ಇನ್ನೇನಿದೆ!

ಈ ಹುಳ ಅವಳ ತಲೆಗೆ ಹೊಕ್ಕು ಮೂರು ತಿಂಗಳಾಗಿತ್ತು. ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಸೊಸೆಗೆ ಹೊಸ ಚಪ್ಪಲಿ ಬಂತು, ಎಲ್ಲಿಂದ? ಸೊಸೆಯ ಅಣ್ಣ ಹಳೆಯದೊಂದು ಸ್ಕೂಟರು ಕೊಂಡ, ಯಾರ ದುಡ್ಡು? ಫೋನು ಬಂದರೆ ಈ ಹುಡುಗಿ ಹಿಂದಿನ ಗೋದಾಮಿಗೆ ಹೋಗಿ ಪಿಸುಗುಡುತ್ತಾಳೆ. ಅದೆಲ್ಲಕ್ಕಿಂತ ದೊಡ್ಡ ಗುಟ್ಟು ಗುರುವಾರದ್ದು. ಪ್ರತಿ ಗುರುವಾರ ಮಧ್ಯಾಹ್ನ ಎರಡಕ್ಕೆ ಹೊರಟರೆ ಬರುವುದು ಆರಕ್ಕೆ. ಕೇಳಿದರೆ "ವಸೂಲಿಗೆ" ಎಂಬ ಒಂದೇ ಮಾತು. ವಸೂಲಿಗೆ ಹೋದವಳು ಕಾಸು ತರಬೇಡವೇ? ಇವಳು ತರುತ್ತಿದ್ದದ್ದು ಕೆಂಪಗಾದ ಕಣ್ಣು ಮಾತ್ರ. ಒಂದು ದಿನ ಸೊಸೆ ಸ್ನಾನಕ್ಕೆ ಹೋದಾಗ ಯಜಮಾನಮ್ಮ ಅವಳ ಕೈಚೀಲ ಜಾಲಾಡಿಯೇ ಬಿಟ್ಟಳು. ಸಿಕ್ಕಿದ್ದು ಒಂದು ಕಂತೆ ಬಸ್ ಟಿಕೆಟು, ಎಲ್ಲವೂ ಒಂದೇ ನಂಬರಿನ ಬಸ್ಸು. ಆ ಬಸ್ಸು ಸೊಸೆಯ ತವರಿನ ಮುಂದೆಯೇ ನಿಲ್ಲುತ್ತದೆ. ಇನ್ನೇನು ಬೇಕು ಸಾಕ್ಷಿ! ನೋಟುಗಳ ಮೂಲೆಗೆ ಪೆನ್ಸಿಲಿನಿಂದ ಚುಕ್ಕೆ ಇಟ್ಟೂ ನೋಡಿದಳು. ಒಂದೂ ಕಾಣೆಯಾಗಲಿಲ್ಲ. ಹುಡುಗಿ ಎಷ್ಟು ಜಾಣೆ ಎಂದು ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಸೊಸೆ ಎದ್ದು ನಿಂತಳು. ಮೆಲ್ಲಗೆ ಹೇಳಿದಳು: "ದುಡ್ಡು ಎಲ್ಲೂ ಹೋಗಿಲ್ಲ ಅತ್ತೆ. ಒಂದಿಷ್ಟು ಆ ಶೆಲ್ಫಿನ ಮೇಲಿದೆ, ಉಳಿದದ್ದು ಅಂಗಡಿಯಲ್ಲಿದೆ."

ಶೆಲ್ಫಿನ ಮೇಲೆ ಚಾವಣಿಯ ತನಕ ಜಿಪ್ಪಿನ ಡಬ್ಬಗಳಿದ್ದವು. ಒಟ್ಟಿಗೆ ಕೊಂಡರೆ ನೂರಕ್ಕೆ ಹತ್ತು ಕಡಿಮೆ ಎಂದು ಎರಡು ವರ್ಷಕ್ಕಾಗುವಷ್ಟನ್ನು ತೊಂಬತ್ತು ಸಾವಿರ ಕೊಟ್ಟು ತರಿಸಿದ್ದು ಯಜಮಾನಮ್ಮನೇ. ಬೇಡ ಎಂದಿದ್ದವಳು ಸೊಸೆ. ಅದೆಲ್ಲ ಈಗ ಯಾರಿಗೆ ನೆನಪು?

"ಸಂಜೆ ಇವರಿಗೆಲ್ಲ ಸಂಬಳದ ಬದಲು ಜಿಪ್ಪು ಹಂಚಲೇನು?" ಎಂದಳು ಯಜಮಾನಮ್ಮ.

ಕೊನೆಯ ಯಂತ್ರದಲ್ಲಿದ್ದ ಕನ್ನಡಕದವಳು ಕಿಸಕ್ಕನೆ ನಕ್ಕು, ತಕ್ಷಣ ನಾಲಿಗೆ ಕಚ್ಚಿಕೊಂಡಳು. ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದ ಹಳೆಯ ಕೆಲಸಗಾರ್ತಿ ಅವಳು.

"ಅಂಗಡಿಯಲ್ಲಿದೆ ಅಂದೆಯಲ್ಲ, ಯಾವ ಅಂಗಡಿಯಲ್ಲಿ?" ಯಜಮಾನಮ್ಮ ಬಿಡಲಿಲ್ಲ.

ಸೊಸೆ ಬಾಯಿ ತೆರೆದಳು... ಗಂಡನ ಮುಖ ನೋಡಿದಳು... ಮುಚ್ಚಿಕೊಂಡಳು. ಅಷ್ಟೇ ಯಜಮಾನಮ್ಮನಿಗೆ ಸಾಕಾಯಿತು. ಮೂರು ತಿಂಗಳಿಂದ ಕೂಡಿಟ್ಟದ್ದೆಲ್ಲ ಬಾಯಿಗೆ ಬಂತು. ಗುರುವಾರಗಳು, ಟಿಕೆಟುಗಳು, ಚಪ್ಪಲಿ, ಸ್ಕೂಟರು, ಒಂದನ್ನೂ ಉಳಿಸದೆ ಆರು ಜನರ ಮುಂದೆ ಹರವಿದಳು. ಮಗ "ಅಮ್ಮ, ಸಾಕು" ಎಂದ. ಅವನ ಮಾತು ಅವಳ ಕಿವಿಗೆ ಬೀಳಲಿಲ್ಲ.

"ನನ್ನ ಮನೆ ಅನ್ನ ತಿಂದು ತವರು ತುಂಬಿಸ್ತಿದ್ದೀಯ. ಕಳ್ಳಿ ನೀನು."

ಅಯ್ಯೋ, ಅದೆಂಥ ಮಾತು! ನಾಲ್ಕು ವರ್ಷ ಬೆಳಗಿನಿಂದ ಸಂಜೆಯವರೆಗೆ ಒಂದು ಕಾಸು ಸಂಬಳವಿಲ್ಲದೆ ದುಡಿದ ಹುಡುಗಿಗೆ! ಸೊಸೆ ಅಳಲಿಲ್ಲ. ಗಲ್ಲಾದ ಬೀಗದ ಕೈಯನ್ನು ಬಳೆಯ ಪಕ್ಕದಿಂದ ಬಿಚ್ಚಿ ಆ ಚಿಲ್ಲರೆಯ ಮೇಲೆ ಇಟ್ಟಳು. ಮೇಲೆ ಹೋಗಿ ಒಂದು ಸೂಟ್‌ಕೇಸ್ ಹಿಡಿದು ಇಳಿದಳು. ಮಗ ಕತ್ತರಿಯನ್ನು ಮೇಜಿನ ಮೇಲಿಟ್ಟು, ತಾಯಿಯ ಮುಖವನ್ನೂ ನೋಡದೆ, ಆ ಸೂಟ್‌ಕೇಸ್ ತಾನು ಇಸಿದುಕೊಂಡ. ಗೇಟು ಹಾಕಿದ ಸದ್ದು ಕೇಳಿಸಿತು. ಹೊಲಿಗೆಯವರಿಗೆ ಸಂಬಳ ಮಂಗಳವಾರ ಎಂದು ಹೇಳಿ ಯಜಮಾನಮ್ಮ ಕಾರ್ಖಾನೆಯ ಬಾಗಿಲು ಎಳೆದಳು.

ಭಾನುವಾರ ಇಡೀ ದಿನ ಅವಳು ಸೊಸೆಯ ಮೇಜಿನ ಮುಂದೆ ಕೂತಳು. ಪಶ್ಚಾತ್ತಾಪಕ್ಕಲ್ಲ, ಸಾಕ್ಷಿಗೆ! ಕಂಪ್ಯೂಟರು ಅವಳಿಗೆ ಬಾರದು, ಆದರೆ ಕೆಳಗಿನ ಖಾನೆಯಲ್ಲಿ ಕೈಬರಹದ ಉದ್ದ ಪುಸ್ತಕ ಸಿಕ್ಕಿತು. ಮೇಲೆ "ಬರಬೇಕಾದದ್ದು" ಎಂದು ಬರೆದಿತ್ತು. ಹದಿನೆಂಟು ಅಂಗಡಿಗಳ ಪಟ್ಟಿ. ಹದಿನೇಳರ ಮುಂದೆ ಬಾಕಿ ತೀರಿದ್ದಕ್ಕೆ ಗೆರೆ ಎಳೆದಿತ್ತು. ಹದಿನೆಂಟನೆಯದರ ಮುಂದೆ ಗೆರೆ ಇರಲಿಲ್ಲ. ಬಾಕಿ ನಾಲ್ಕು ಲಕ್ಷ ಹತ್ತು ಸಾವಿರ. ಅಂಗಡಿಯ ಹೆಸರಿನ ಜಾಗದಲ್ಲಿ ಇದ್ದದ್ದು: ಸೋದರಮಾವ. ಮಗನಿಗೆ ಸೋದರಮಾವ ಎಂದರೆ ಯಜಮಾನಮ್ಮನ ಸ್ವಂತ ತಮ್ಮ! ಅದರ ಕೆಳಗೆ ಸಾಲಾಗಿ ಹದಿನಾಲ್ಕು ಗುರುವಾರದ ತಾರೀಖುಗಳು, ಒಂದೊಂದರ ಪಕ್ಕ ಒಂದೆರಡು ಪದ. ಹೋದೆ. ಕಾದೆ. ಹೋದೆ. ಕಾದೆ. ಇವತ್ತೂ ಇಲ್ಲ.

ಮನಸ್ಸು ಎಷ್ಟು ಕೆಟ್ಟದ್ದು ನೋಡಿ! ಆಗಲೂ ಅವಳಿಗೆ ಹೊಳೆದದ್ದು ಬೇರೆಯೇ. ಈ ಹುಡುಗಿ ಕದ್ದ ದುಡ್ಡನ್ನು ನನ್ನ ತಮ್ಮನ ತಲೆಗೆ ಕಟ್ಟಿದ್ದಾಳೆ... ಅವನು ನನ್ನ ಬೆನ್ನ ಮೇಲೆ ಬೆಳೆದವನು, ನನಗೆ ಹೀಗೆ ಮಾಡುತ್ತಾನೆಯೇ? ಅವನ ಬಾಯಿಂದಲೇ ಹೇಳಿಸಿ, ಬರೆಸಿಕೊಂಡು ಬಂದು ಮಗನ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡಳು. ಸೋಮವಾರ ಬೆಳಿಗ್ಗೆಯೇ ಬಸ್ಸು ಹತ್ತಿದಳು. ಕಂಡಕ್ಟರು ಟಿಕೆಟು ಹರಿದು ಕೈಗಿತ್ತಾಗ ನಂಬರು ನೋಡಿದಳು. ಅದೇ ಬಸ್ಸು. ಸೊಸೆಯ ತವರು ದಾಟಿ ಎರಡು ನಿಲ್ದಾಣಕ್ಕೆ ತಮ್ಮನ ಅಂಗಡಿ.

ತಮ್ಮನ ಅಂಗಡಿಗೆ ಹೊಸದಾಗಿ ಗಾಜಿನ ಮುಂಬಾಗಿಲು ಬಂದಿತ್ತು. ಅಕ್ಕನನ್ನು ಕಂಡವನೇ ಓಡಿ ಬಂದು, ತನ್ನ ಕುರ್ಚಿ ಬಿಟ್ಟುಕೊಟ್ಟು, ಟೀ ತರಿಸಿದ. ಯಜಮಾನಮ್ಮ ನಗುನಗುತ್ತಲೇ ಬಾಕಿಯ ಮಾತೆತ್ತಿದಳು. ಅಂಥದ್ದೇನೂ ಇಲ್ಲ ಎಂದು ಅವನು ಹೇಳುವುದನ್ನೇ ಕಾದಳು.

"ಹೌದಕ್ಕ, ನಾಲ್ಕು ಲಕ್ಷ ಚಿಲ್ಲರೆ ಇದೆ," ಎಂದ ಅವನು, ಅದೂ ನಗುತ್ತಲೇ. "ನಿನ್ನ ಸೊಸೆ ವಾರವಾರ ಬಂದು ಆ ಸ್ಟೂಲ್ ಮೇಲೆ ಕೂತಿರ್ತಾಳೆ. ನಾನೂ ಹೇಳ್ದೆ, ನಮ್ಮಕ್ಕನೇ ನಿಧಾನಕ್ಕೆ ಕೊಡು ಅಂದಿದ್ದಾಳೆ, ನಿಂದೇನಮ್ಮ ಅವಸರ ಅಂತ."

"ನನಗ್ಯಾಕೆ ಅವಳು ಹೇಳಲಿಲ್ಲ?"

"ಹೇಳಬೇಡ ಅಂದೆ. ಹೇಳಿದರೆ ಅಕ್ಕತಮ್ಮನ ಮಧ್ಯೆ ಹುಳಿ ಹಿಂಡಿದ ಹಾಗಾಗುತ್ತೆ, ನೋಡ್ಕೋ ಅಂದೆ. ಪಾಪ, ಮಾತು ಕೇಳೋ ಹುಡುಗಿ."

ನಿಧಾನಕ್ಕೆ ಕೊಡು... ಹೌದು, ಅಂದಿದ್ದಳು! ಅವನು ಮನೆಗೆ ಬಂದು ಹೋಗುವಾಗಲೆಲ್ಲ, ಗೇಟಿನ ತನಕ ಬಂದು, ಬೆನ್ನು ತಟ್ಟಿ ಅಂದಿದ್ದಳು. ಅವನು ಬಾಕಿಯ ಮಾತೆತ್ತುವ ಮೊದಲೇ ಅಂದಿದ್ದಳು. ಹಾಗೆನ್ನುವಾಗ ತಾನೆಷ್ಟು ದೊಡ್ಡ ಮನಸ್ಸಿನ ಅಕ್ಕ ಎಂದು ಒಳಗೊಳಗೇ ಹಿಗ್ಗಿದ್ದಳು. ಬಾಯಿತುಂಬ ಆಡಿದ ಆ ಉಪಚಾರದ ಮಾತಿನಲ್ಲಿ ಆರು ಜನರ ಸಂಬಳ ಹೋಗಿತ್ತು, ಬಟ್ಟೆಯವನಿಗೆ ಕೊಡಬೇಕಾದ ದುಡ್ಡು ಹೋಗಿತ್ತು, ಕೊನೆಗೆ ಒಬ್ಬ ಹೆಣ್ಣುಮಗಳ ಮಾನವೂ ಹೋಗಿತ್ತು.

ಟೀ ಲೋಟ ಕೆಳಗಿಟ್ಟು ಅವಳು ಇವತ್ತೇ ಕೊಡು ಎಂದಳು. ತಮ್ಮ ನಕ್ಕ. ಎರಡನೆಯ ಸಲ ಕೇಳಿದಾಗ ನಗು ಮಾಯವಾಯಿತು. ಗಾಜಿನ ಬಾಗಿಲಿಗೆ ಖರ್ಚಾಯಿತು, ಮಗಳ ಕಾಲೇಜಿನ ಫೀಸು ಕಟ್ಟಬೇಕು, ಸ್ವಂತ ಅಕ್ಕ ಹೀಗೆ ಕುತ್ತಿಗೆ ಹಿಡಿಯುವುದೇ ಎಂದೆಲ್ಲ ಅಂದ. ಅವಳು ವಾದ ಮಾಡಲಿಲ್ಲ. ಮೆತ್ತನೆಯ ಕುರ್ಚಿಯಿಂದ ಎದ್ದು ಹೋಗಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ಹೋಗಿ ಬರುವ ಗಿರಾಕಿಗಳ ಚೀಲ ಮೊಣಕಾಲಿಗೆ ತಾಗುವ ಜಾಗ. ಬೆನ್ನಿಗೆ ಆಸರೆಯಿಲ್ಲ. ಒಂದು ಗಂಟೆಗೆ ಸೊಂಟ ಹಿಡಿಯಿತು. ಈ ಸ್ಟೂಲಿನ ಮೇಲೆ ಆ ಹುಡುಗಿ ಹದಿನಾಲ್ಕು ಗುರುವಾರ ಕೂತಿದ್ದಳಲ್ಲ, ನನ್ನ ತಮ್ಮನ ಮರ್ಯಾದೆ ಕಾಯಲು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳಲ್ಲ ಎಂದು ನೆನೆದಾಗ ಯಜಮಾನಮ್ಮನಿಗೆ ಅಳು ತಡೆಯಲಾಗಲಿಲ್ಲ. ಗಿರಾಕಿಗಳು ತಿರುಗಿ ನೋಡಿದರು. ನೋಡಲಿ ಎಂದು ಅಲ್ಲೇ ಕೂತಳು.

ನಾಲ್ಕು ಗಂಟೆಗೆ ತಮ್ಮ ಎರಡು ಲಕ್ಷ ನಗದು, ಉಳಿದದ್ದಕ್ಕೆ ಚೆಕ್ಕು ತಂದು ಅವಳ ಮಡಿಲಿಗೆ ಹಾಕಿದ. ಅವನ ಮುಖ ಕಪ್ಪಿಟ್ಟಿತ್ತು.

"ಲೆಕ್ಕ ಮುಗೀತು. ಇನ್ಮೇಲೆ ತಮ್ಮನ ಮನೆ ಅಂತ ಬರಬೇಡ."

ಅವಳು ಹುಟ್ಟಿದ ಮನೆಯಲ್ಲಿ ಉಳಿದಿದ್ದವನು ಅವನೊಬ್ಬನೇ. ತಾಯಿ ಹೋದ ಮೇಲೆ ಅವನಿಗೆ ತಲೆ ಬಾಚಿದವಳು, ಮೊದಲ ಅಂಗಡಿಗೆ ದುಡ್ಡು ಕೊಟ್ಟವಳು, ಎಲ್ಲ ಇವಳೇ. ಅದೊಂದನ್ನೂ ಎತ್ತಿ ಆಡಲಿಲ್ಲ. ನೋಟು ಎಣಿಸಿಕೊಂಡಳು, ರಸೀದಿ ಬರೆದು ಕೊಟ್ಟಳು, ಮೆಟ್ಟಿಲಿಳಿದಳು. ಎರಡು ನಿಲ್ದಾಣ ನಡೆದೇ ಹೋಗಿ ಸೊಸೆಯ ತವರಿನ ಬಾಗಿಲು ತಟ್ಟಿದಳು. ಬೀಗಿತ್ತಿ ಬಾಗಿಲು ತೆಗೆದು, ಒಳಗೆ ಬನ್ನಿ ಎನ್ನಲಿಲ್ಲ. ತಪ್ಪೇನಿಲ್ಲ. ಹೊಸಿಲಿನ ಹೊರಗೇ ನಿಂತು, ನಾಳೆ ಸಂಬಳದ ಹೊತ್ತಿಗೆ ಮಗ ಸೊಸೆ ಒಂದೇ ಒಂದು ಸಲ ಕೆಳಗಿನ ಕಾರ್ಖಾನೆಗೆ ಬಂದು ಹೋಗಲಿ ಎಂದು ಕೇಳಿಕೊಂಡು ಹಿಂತಿರುಗಿದಳು.

ಮಂಗಳವಾರ ಸಂಜೆ ಅವರು ಬಂದರು. ಮಗ ಬಾಗಿಲಲ್ಲೇ ನಿಂತ. ಯಜಮಾನಮ್ಮ ಎಲ್ಲ ಯಂತ್ರ ನಿಲ್ಲಿಸಲು ಹೇಳಿದಳು. ಶನಿವಾರ ಇದ್ದ ಆರು ಜನವೂ ಇದ್ದಾರೆಯೇ ಎಂದು ಎಣಿಸಿದಳು.

"ಆವತ್ತು ನಿಮ್ಮೆಲ್ಲರ ಮುಂದೆ ಇವಳನ್ನ ಕಳ್ಳಿ ಅಂದೆ. ಮನೆ ದುಡ್ಡು ಹೊರಗೆ ಹಾಕಿದ್ದು ನಾನು. ನನ್ನ ತಮ್ಮನಿಗೆ ನಿಧಾನಕ್ಕೆ ಕೊಡು ಅಂತ ಹೇಳಿ ಹೇಳಿ ಹಾಕಿದೆ. ಇವಳು ಅದನ್ನ ವಾಪಸ್ ತರೋಕೆ ವಾರವಾರ ಹೋಗಿ ಕೂತಿದ್ದಳು... ಕಳ್ಳಿ ಅನ್ನೋದಾದರೆ ನನ್ನನ್ನ ಅನ್ನಿ."

ಕನ್ನಡಕದವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಯಜಮಾನಮ್ಮ ಬೀಗದ ಕೈಯನ್ನು ಸೊಸೆಯ ಮುಂದೆ ಚಾಚಿ, ತಪ್ಪು ಹೊಟ್ಟೆಗೆ ಹಾಕಿಕೊಂಡು ಮೇಲಿನ ಮನೆಗೆ ಬಾ ಎಂದು ಬೇಡಿದಳು.

ಸೊಸೆ ಬೀಗದ ಕೈಯತ್ತ ನೋಡಿ ಅಂದಳು: "ಬರ್ತೀನಿ. ಮೇಲಿನ ಮನೆಗಲ್ಲ. ನಾವು ಬೇರೆ ಮನೆ ನೋಡಿದೀವಿ. ಒಂಬತ್ತಕ್ಕೆ ಬಂದು ಲೆಕ್ಕ ಬರೆದು ಆರಕ್ಕೆ ಹೋಗ್ತೀನಿ. ಸಂಬಳ ಗೊತ್ತು ಮಾಡಿ."

"ಸೊಸೆಗೆ ಸಂಬಳವೇನೇ?"

"ಕನ್ನಡಕದ ಅಕ್ಕನ ಮೇಲೆ ಅನುಮಾನ ಬಂದಿದ್ದರೆ ನೀವು ಮೊದಲು ಪುಸ್ತಕ ತೆಗೆಸಿ ನೋಡ್ತಿದ್ರಿ, ಆಮೇಲೆ ಮಾತಾಡ್ತಿದ್ರಿ. ನನಗೂ ಅಷ್ಟು ಮರ್ಯಾದೆ ಸಿಕ್ಕರೆ ಸಾಕು."

ಎಷ್ಟು ಎಂದಳು ಯಜಮಾನಮ್ಮ. ಸೊಸೆ ತಿಂಗಳಿಗೆ ಹದಿನೆಂಟು ಸಾವಿರ ಎಂದಳು. ದಾರದವನ ಹತ್ತಿರ, ಬಟ್ಟೆಯವನ ಹತ್ತಿರ, ಆಟೋದವನ ಹತ್ತಿರ ಜೀವಮಾನವಿಡೀ ಚೌಕಾಸಿ ಮಾಡಿದ ಯಜಮಾನಮ್ಮ ಆಗಲಿ ಎಂದಳು. ಸಂಬಳದ ಪುಸ್ತಕ ತೆರೆದು, ಆರು ಹೆಸರುಗಳ ಕೆಳಗೆ ಏಳನೆಯದಾಗಿ ಸೊಸೆಯ ಹೆಸರು ಬರೆದಳು. ಕಣ್ಣು ಮಂಜಾಗಿ ಅಕ್ಷರ ಸಾಲು ತಪ್ಪಿತು. ತವರೂ ಹೋಯಿತು, ಸೊಸೆಯೂ ಹೋದಳು, ಲೆಕ್ಕ ಮಾತ್ರ ಸರಿಯಾಯಿತು ಎಂದುಕೊಂಡಳು.

ಸೊಸೆ ಬಗ್ಗಿ ಪುಸ್ತಕ ನೋಡಿದಳು.

"ತಾರೀಖು ಹಾಕಿಲ್ಲ ಅತ್ತೆ."

ಆ ಸಂಜೆ ಬಂದಾಗಿನಿಂದ ಅವಳು ಅತ್ತೆ ಎಂದದ್ದು ಅದೇ ಮೊದಲು. ಯಜಮಾನಮ್ಮ ತಲೆಯೆತ್ತಿ ನೋಡಲು ಹೆದರಿ, ಕಣ್ಣೊರೆಸಿಕೊಂಡು, ತಾರೀಖು ಹಾಕಿದಳು.